ಕಾಗದ ತೋರಿಸಿ, ಸ್ವಾಮಿ: ಕಾರ್ಮಿಕ ಪ್ರತಿನಿಧಿಯ ಕೈಗೆ ಸುರಕ್ಷತಾ ಕಾನೂನು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯದ ಮೇಲೋ ಇತಿಹಾಸದ ಮೇಲೋ ನಡೆಯುವುದು ವಾಡಿಕೆ. ಈ ಸಲ ಕಾರ್ಖಾನೆಯ ಸುರಕ್ಷತೆಯ ಬಗ್ಗೆ ಮಾತಾಡಿ ಎಂದಿರಿ. ವಿಷಯ ಒಣ, ಸೆಕ್ಷನ್ನು, ಷೆಡ್ಯೂಲು, ನಮೂನೆಗಳ ಲೋಕ. ಆದರೆ ಬೆರಳು ಕಳೆದುಕೊಂಡವನಿಗೆ, ಕೆಮ್ಮುತ್ತಲೇ ರಾತ್ರಿ ಕಳೆಯುವವಳಿಗೆ ಈ ಲೋಕಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲ.

ಸಂಘಕ್ಕೆ ಹೊಸದಾಗಿ ಆಯ್ಕೆಯಾದ ಪದಾಧಿಕಾರಿಗಳು ತರಬೇತಿ ಶಿಬಿರಗಳಲ್ಲಿ ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 'ಸುರಕ್ಷತೆಗೆ ಸಂಬಂಧಿಸಿದ ಕಾನೂನೆಲ್ಲ ಎಲ್ಲಿ ಸಿಗುತ್ತೆ ಸಾರ್? ಒಂದು ಪುಸ್ತಕ ಹೇಳಿ, ಓದಿಕೊಂಡುಬಿಡ್ತೀವಿ.' ಅಂಥ ಒಂದು ಪುಸ್ತಕ ಇಲ್ಲ. ಇದ್ದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಯಾವ ಪ್ರತಿನಿಧಿಯೂ ಒಂದು ಯಂತ್ರವನ್ನೂ ಸರಿಮಾಡಿಸಿದ್ದಿಲ್ಲ. ಇವತ್ತು ನಾನು ಹೇಳಹೊರಟಿರುವುದು ಹುಡುಕಾಟದ ಬೇರೊಂದು ದಾರಿ. ಸುರಕ್ಷತೆಯ ಬಹುಪಾಲು ನಿಯಮಗಳು ಕಾರ್ಖಾನೆಯೊಳಗೆ ಎಲ್ಲಾದರೂ ಒಂದು ಕಾಗದವನ್ನು ಹುಟ್ಟಿಸುತ್ತವೆ: ಒಂದು ಪ್ರಮಾಣಪತ್ರ, ಒಂದು ರಿಜಿಸ್ಟರು, ಒಂದು ವೈದ್ಯಕೀಯ ವರದಿ. ಆ ಕಾಗದ ಯಾವುದು, ಯಾರ ಬೀರುವಿನಲ್ಲಿದೆ, ಅದನ್ನು ನೋಡುವ ಹಕ್ಕು ನಮಗೆ ಎಷ್ಟಿದೆ? ಈ ಮೂರು ತಿಳಿದವರಿಗೆ ಕಾನೂನು ಸಿಕ್ಕಿತೆಂದೇ ಲೆಕ್ಕ.

ಗೊತ್ತಿದ್ದವರು ಮತ್ತು ಉಸಿರಾಡಿದವರು

ಮೊದಲು ಕೋಲಾರಕ್ಕೆ ಹೋಗೋಣ. ಕೆಜಿಎಫ್ ಎಂದರೆ ನಮಗೆ ಚಿನ್ನ ನೆನಪಾಗುತ್ತದೆ, ಮೂರು ಕಿಲೋಮೀಟರಿಗೂ ಆಳ ಇಳಿದ ಚಾಂಪಿಯನ್ ರೀಫ್ ನೆನಪಾಗುತ್ತದೆ, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ್ದು ನೆನಪಾಗುತ್ತದೆ. ಭಾರತದ ವೈದ್ಯಕೀಯ ಗ್ರಂಥಗಳಲ್ಲಿ ಕೋಲಾರಕ್ಕೆ ಇನ್ನೊಂದು ಸ್ಥಾನವಿದೆ. ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗವನ್ನು ನಮ್ಮ ದೇಶದಲ್ಲಿ ಮೊದಮೊದಲು ದಾಖಲಿಸಿದ್ದು ಅಲ್ಲಿನ ಗಣಿ ಕಾರ್ಮಿಕರಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಆ ರೋಗದ ಗುರುತು ಕಂಡಿತ್ತು. ಬಂಡೆ ಕೊರೆಯುವಾಗ ನೀರು ಹಾಯಿಸಿದರೆ ಧೂಳು ಕಡಿಮೆಯಾಗುತ್ತದೆ ಎಂಬುದು ಗಣಿ ತಂತ್ರಜ್ಞರಿಗೆ ಗೊತ್ತಿತ್ತು. ಎಕ್ಸ್‌ರೇಯಲ್ಲಿ ಏನು ಕಾಣುತ್ತದೆ ಎಂಬುದು ವೈದ್ಯರಿಗೆ ಗೊತ್ತಿತ್ತು. ಡ್ರಿಲ್ ಹಿಡಿದವನಿಗೆ ಗೊತ್ತಿದ್ದದ್ದು ತನ್ನ ಏದುಸಿರು ಮಾತ್ರ.

ನಂತರ ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿದ್ದು ಲೋಕಕ್ಕೆ ಗೊತ್ತು. ಅದಕ್ಕೂ ಮೂರು ವರ್ಷ ಮೊದಲು, 1981ರ ಡಿಸೆಂಬರಿನಲ್ಲಿ, ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. ಕಾರ್ಮಿಕರು ಪ್ರತಿಭಟಿಸಿದ್ದರು. 1982ರ ಮೇ ತಿಂಗಳಲ್ಲಿ ಅಮೆರಿಕದ ಮಾತೃಸಂಸ್ಥೆಯಿಂದ ತಂಡ ಬಂದು, ತಪಾಸಣೆ ನಡೆಸಿ, ದೋಷಗಳ ಉದ್ದನೆಯ ಪಟ್ಟಿಯನ್ನೇ ಮಾಡಿತ್ತು. ಅಂದರೆ ಅಪಾಯದ ಕಾಗದ ಇತ್ತು. ದುರಂತದ ರಾತ್ರಿ ಆಸ್ಪತ್ರೆಗೆ ಸಾವಿರಾರು ಜನ ಕಣ್ಣುಜ್ಜಿಕೊಳ್ಳುತ್ತಾ ಬಂದಾಗ ಯಾವ ವಿಷ, ಯಾವ ಮದ್ದು ಎಂಬುದು ವೈದ್ಯರಿಗೇ ತಿಳಿದಿರಲಿಲ್ಲ.

ಎರಡು ಕಡೆಯೂ ಅಪಾಯದ ತಿಳಿವಳಿಕೆ ಎಲ್ಲೋ ಒಂದು ಕಡೆ ಇತ್ತು. ಅಪಾಯವನ್ನು ಉಸಿರಾಡಿದವರು ಇನ್ನೊಂದು ಕಡೆ ಇದ್ದರು. ಈ ಅಂತರವನ್ನು ದಾಟುವ ಕೆಲಸವೇ ಕಾರ್ಮಿಕ ಪ್ರತಿನಿಧಿಯದು.

ಭೋಪಾಲದ ನಂತರ ಬಂದ ಹಕ್ಕುಗಳು

1948ರ ಕಾರ್ಖಾನೆಗಳ ಕಾಯ್ದೆ ಮೊದಲಿನಿಂದಲೂ ಮಾಲೀಕರಿಗೆ ಬಹಳಷ್ಟು ಕರ್ತವ್ಯ ವಿಧಿಸಿತ್ತು. ಯಂತ್ರಕ್ಕೆ ತಡೆ ಹಾಕಬೇಕು, ಗಾಳಿ ಬೆಳಕು ಇರಬೇಕು, ಬೆಂಕಿಯಿಂದ ಪಾರಾಗಲು ದಾರಿ ಇರಬೇಕು. ಆದರೆ ಅಲ್ಲಿ ಮಾತುಕತೆಯೆಲ್ಲ ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ನಡುವೆ. ಕಾರ್ಮಿಕ ರಕ್ಷಿಸಲ್ಪಡುವವನು, ಅಷ್ಟೆ, ಕೇಳುವವನಲ್ಲ. 1987ರ ತಿದ್ದುಪಡಿ ಆ ಚಿತ್ರವನ್ನು ಬದಲಿಸಿತು. ಅಪಾಯಕಾರಿ ಪ್ರಕ್ರಿಯೆ ನಡೆಸುವವರು ಆ ಅಪಾಯದ ವಿವರವನ್ನು ಕಾರ್ಮಿಕರಿಗೂ ಸುತ್ತಲಿನ ಜನಕ್ಕೂ ತಿಳಿಸಲೇಬೇಕೆಂದು ಬಂತು. ವಿಷವಸ್ತುಗಳ ನಡುವೆ ದುಡಿಯುವವರ ಆರೋಗ್ಯ ದಾಖಲೆ ಇಡಬೇಕು, ಅದು ಕಾರ್ಮಿಕರಿಗೆ ಸಿಗುವಂತಿರಬೇಕು ಎಂದಾಯಿತು. ಅಂಥ ಕಾರ್ಖಾನೆಗಳಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ, ಎದುರಿಗಿರುವ ಅಪಾಯವನ್ನು ಎತ್ತಿ ಹೇಳುವ ಹಕ್ಕು ಬಂದವು. ಕೊನೆಗೆ 111-ಎ ಎಂಬ ಪುಟ್ಟ ಸೆಕ್ಷನ್ನು: ತನ್ನ ಆರೋಗ್ಯ, ಸುರಕ್ಷತೆಯ ಮಾಹಿತಿಯನ್ನು ಮಾಲೀಕನಿಂದ ಪಡೆಯುವ, ನೇರವಾಗಿ ಅಥವಾ ಪ್ರತಿನಿಧಿಯ ಮೂಲಕ ಇನ್‌ಸ್ಪೆಕ್ಟರಿಗೆ ಅಹವಾಲು ಸಲ್ಲಿಸುವ ಹಕ್ಕು ಪ್ರತಿ ಕಾರ್ಮಿಕನಿಗೂ ಇದೆ ಎಂದು ಅದು ಹೇಳಿತು.

ಇವನ್ನೆಲ್ಲ ಬಾಯಿಪಾಠ ಮಾಡಿದ ಹಿರಿಯರು ಈ ಸಭೆಯಲ್ಲಿದ್ದೀರಿ. ಈಗ ನಂಬರುಗಳು ಬದಲಾಗಿವೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 13 ಹಳೆಯ ಕಾಯ್ದೆಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ಅದನ್ನು ಜಾರಿಗೆ ತಂದಿತು. ಹಳೆಯ ಕಾಯ್ದೆಗಳ ಅಡಿಯ ನಿಯಮಾವಳಿಗಳು, ನಮ್ಮ 1969ರ ಕರ್ನಾಟಕ ಕಾರ್ಖಾನೆ ನಿಯಮಗಳೂ ಸೇರಿ, ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಮುಂದುವರಿಯುತ್ತವೆ. ಹಾಗಾಗಿ ಹೊಸದು ಬಂತೆಂದು ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ.

ಸಂಹಿತೆಯಲ್ಲಿ ಪ್ರತಿನಿಧಿಗಳು ಗುರುತು ಹಾಕಿಟ್ಟುಕೊಳ್ಳಬೇಕಾದ ಸೆಕ್ಷನ್‌ಗಳು ಮೂರು. 6ನೆಯದು ಮಾಲೀಕನ ಕರ್ತವ್ಯ: ಅಪಾಯವಿಲ್ಲದ ಕೆಲಸದ ಜಾಗ, ನಿಗದಿಪಡಿಸಿದ ವರ್ಗದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ, ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ. 14ನೆಯದು ನೌಕರನ ಹಕ್ಕು: ಮಾಹಿತಿ ಕೇಳುವುದು, ವ್ಯವಸ್ಥೆ ಸಾಲದಿದ್ದರೆ ನೇರವಾಗಿಯೋ ಸುರಕ್ಷತಾ ಸಮಿತಿಯ ಸದಸ್ಯನ ಮೂಲಕವೋ ಮಾಲೀಕನಿಗೆ ತಿಳಿಸುವುದು, ತೃಪ್ತಿಯಾಗದಿದ್ದರೆ ಇನ್‌ಸ್ಪೆಕ್ಟರಿಗೆ ತಿಳಿಸುವುದು. 22ನೆಯದು ಸುರಕ್ಷತಾ ಸಮಿತಿ ಮತ್ತು ಸುರಕ್ಷತಾ ಅಧಿಕಾರಿ. ಸಮಿತಿಯಲ್ಲಿ ಕಾರ್ಮಿಕರ ಸಂಖ್ಯೆ ಆಡಳಿತದವರ ಸಂಖ್ಯೆಗಿಂತ ಕಡಿಮೆ ಇರಕೂಡದು. ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವ ಮಿತಿ ಮೊದಲು 1,000 ಕಾರ್ಮಿಕರಿತ್ತು, ಈಗ ಕಾರ್ಖಾನೆಗೆ 500, ಅಪಾಯಕಾರಿ ಪ್ರಕ್ರಿಯೆಯ ಕಡೆ 250.

ಗಳಿಸಿದ್ದರ ಜೊತೆ ಕಳೆದುಕೊಂಡದ್ದೂ ಇದೆ. ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಹಿಂದೆ 'ಕಾರ್ಖಾನೆ' ಆಗುತ್ತಿತ್ತು. ಈಗ ಇಪ್ಪತ್ತು ಬೇಕು. ಪೀಣ್ಯದ ಅಡ್ಡರಸ್ತೆಗಳಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ಹದಿನೈದು ಜನರ ವರ್ಕ್‌ಶಾಪುಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಆದರೆ ಅಲ್ಲಿನವರು ಕೈಚೆಲ್ಲಬೇಕಾಗಿಲ್ಲ. ಹತ್ತು ಕಾರ್ಮಿಕರಿರುವ ಯಾವ ಸಂಸ್ಥೆಗೂ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಕಾರ್ಖಾನೆಗೆ ಮೀಸಲಾದ ಅಧ್ಯಾಯ ಸಿಗದಿದ್ದರೂ 6 ಮತ್ತು 14 ಸಿಗುತ್ತವೆ.

ಸೆಕ್ಷನ್ನಿನ ಹೆಸರು ಏನೇ ಬದಲಾಗಲಿ, ಕ್ರೇನಿನ ತಪಾಸಣಾ ವರದಿ ಕ್ರೇನಿನ ತಪಾಸಣಾ ವರದಿಯೇ. ಆದ್ದರಿಂದಲೇ ನಂಬರನ್ನಲ್ಲ, ಕಾಗದವನ್ನು ಹಿಡಿಯಿರಿ ಎನ್ನುತ್ತಿದ್ದೇನೆ.

ಯಂತ್ರದಿಂದ ಹೊರಡುವ ಹುಡುಕಾಟ

ಮೂರು ಉದಾಹರಣೆ ಕೊಡುತ್ತೇನೆ.

ಒಂದು, ಟ್ಯಾಂಕು. ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಟ್ಯಾಂಕಿರಲಿ, ಬಣ್ಣದ ಘಟಕದ ತ್ಯಾಜ್ಯ ಗುಂಡಿಯಿರಲಿ, ಮೀನು ಸಂಸ್ಕರಣೆಯ ಹೊಂಡವಿರಲಿ, ಸಾವಿನ ಕಥೆ ಒಂದೇ ತೆರ. ಒಬ್ಬ ಇಳಿಯುತ್ತಾನೆ, ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಧುಮುಕುತ್ತಾನೆ, ಅವನೂ ಏಳುವುದಿಲ್ಲ. ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಹೇಳಿದ್ದು ಬಹಳ ಸರಳ. ಗಾಳಿಯನ್ನು ಪರೀಕ್ಷಿಸಿ, ಒಳಗೆ ಅಪಾಯಕಾರಿ ಅನಿಲವಿಲ್ಲವೆಂದು ಸಮರ್ಥ ವ್ಯಕ್ತಿ ಲಿಖಿತ ಪ್ರಮಾಣಪತ್ರ ಕೊಟ್ಟಿರಬೇಕು. ಇಲ್ಲದಿದ್ದರೆ ಇಳಿಯುವವನಿಗೆ ಉಸಿರಾಟದ ಸಾಧನ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿ. ಪ್ರತಿನಿಧಿ ಇಲ್ಲಿ ರಸಾಯನಶಾಸ್ತ್ರ ಕಲಿಯಬೇಕಾಗಿಲ್ಲ. 'ಇವತ್ತಿನ ದಿನಾಂಕದ ಪ್ರಮಾಣಪತ್ರ ತೋರಿಸಿ ಸ್ವಾಮಿ' ಎಂದರೆ ಸಾಕು. ತೋರಿಸಲು ಇಲ್ಲವೇ? ಹಾಗಾದರೆ ಬೆಲ್ಟು, ಹಗ್ಗ, ಉಸಿರಾಟದ ಸಾಧನ ಬರುವವರೆಗೆ ಯಾರೂ ಇಳಿಯುವಂತಿಲ್ಲ.

ಎರಡು, ಡ್ರಮ್ಮು. ಗಾರ್ಮೆಂಟ್ಸ್‌ನಲ್ಲಿ ಬಟ್ಟೆಯ ಕಲೆ ತೆಗೆಯಲು ಸಣ್ಣ ಗನ್ನಿನಿಂದ ದ್ರಾವಕ ಸಿಂಪಡಿಸುವ ಹೆಣ್ಣುಮಕ್ಕಳಿದ್ದಾರೆ. ಏನದು ಎಂದರೆ 'ಕೆಮಿಕಲ್ಲು' ಎನ್ನುತ್ತಾರೆ. ಆ ದ್ರಾವಕಕ್ಕೆ ಸೇಫ್ಟಿ ಡೇಟಾ ಶೀಟ್ ಎಂಬ ಕಾಗದ ಇರಬೇಕು, ಪ್ರಪಂಚದಾದ್ಯಂತ ಅದಕ್ಕೆ 16 ಭಾಗಗಳ ಒಂದೇ ಕ್ರಮ ಇದೆ. ಹದಿನಾರನ್ನೂ ಓದುವ ಪುರುಸೊತ್ತು ಇಲ್ಲದಿದ್ದರೆ ನಾಲ್ಕು ಓದಿ: 2ನೆಯದರಲ್ಲಿ ಅಪಾಯ ಏನು, 3ರಲ್ಲಿ ಒಳಗೇನಿದೆ, 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಗಾಳಿಯಲ್ಲಿ ಅದು ಎಷ್ಟರ ಮಟ್ಟಿಗೆ ಇರಬಹುದು, ಯಾವ ಮಾಸ್ಕು, ಯಾವ ಗ್ಲೌಸು. ಅಲ್ಲಿ ಇಂಥ ಫಿಲ್ಟರಿನ ಮಾಸ್ಕು ಎಂದಿದ್ದು, ಲೈನಿನಲ್ಲಿ ಕೊಟ್ಟಿರುವುದು ಬಟ್ಟೆಯ ಮಾಸ್ಕಾದರೆ ವಾದ ಬೇಕಿಲ್ಲ. ಶೀಟನ್ನೂ ಮಾಸ್ಕನ್ನೂ ಸಮಿತಿಯ ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಮೂರನೇ ಭಾಗದಲ್ಲಿ ಸಿಗುವ ಸಿಎಎಸ್ ನಂಬರನ್ನು ಬರೆದಿಟ್ಟುಕೊಳ್ಳಿ. ವ್ಯಾಪಾರದ ಹೆಸರು ಏನೇ ಇರಲಿ, ಆ ನಂಬರಿನಿಂದ ವಸ್ತುವಿನ ನಿಜರೂಪ ತಿಳಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಹೊರತಂದಿರುವ ರಾಸಾಯನಿಕ ಸುರಕ್ಷತಾ ಕಾರ್ಡುಗಳು, ಅಮೆರಿಕದ ನಯೋಶ್ ಸಂಸ್ಥೆಯ ಪಾಕೆಟ್ ಗೈಡು, ಎರಡೂ ಉಚಿತ.

ಮೂರು, ಎತ್ತುವ ಯಂತ್ರಗಳು. ಲಿಫ್ಟು, ಹಾಯಿಸ್ಟುಗಳನ್ನು ಆರು ತಿಂಗಳಿಗೊಮ್ಮೆ, ಕ್ರೇನು ಮತ್ತು ಸರಪಳಿಗಳನ್ನು ವರ್ಷಕ್ಕೊಮ್ಮೆಯಾದರೂ ಸಮರ್ಥ ವ್ಯಕ್ತಿಯೊಬ್ಬ ಪರೀಕ್ಷಿಸಿ ಬರೆದಿಡಬೇಕು. ಬಾಯ್ಲರಿಗೆ ಅದರದೇ ಪ್ರಮಾಣಪತ್ರವಿದೆ, ಅವಧಿಯೂ ಇದೆ. ಇವು ಗುಟ್ಟಿನ ಕಾಗದಗಳಲ್ಲ. ಕೇಳುವವರಿಲ್ಲದೆ ಬೀರುವಿನಲ್ಲಿ ಮಲಗಿರುತ್ತವೆ, ಕೆಲವೊಮ್ಮೆ ಅವಧಿ ಮುಗಿದು.

ಮೂಲ ಪಾಠ ಎಲ್ಲಿದೆ

ಇಷ್ಟರ ಮೇಲೆ ಕಾನೂನಿನ ಮೂಲ ಪಾಠವೂ ಬೇಕಾಗುತ್ತದೆ. ಅದು ನಾಲ್ಕು ಪದರಗಳಲ್ಲಿದೆ. ಸಂಸತ್ತು ಮಾಡಿದ ಕಾಯ್ದೆ ಮೇಲಿನದು. ತಿದ್ದುಪಡಿ ಸೇರಿದ ಪಾಠ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿದೆ. ಅದರ ಕೆಳಗೆ ರಾಜ್ಯದ ನಿಯಮಗಳು ಮತ್ತು ರಾಜ್ಯ ತಿದ್ದುಪಡಿಗಳು. ಇವಕ್ಕೆ ಕರ್ನಾಟಕ ರಾಜ್ಯಪತ್ರ ನೋಡಬೇಕು, ಬೆಂಗಳೂರಿನ ಕಾರ್ಮಿಕ ಭವನದಲ್ಲಿರುವ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯನ್ನು ವಿಚಾರಿಸಬೇಕು. ಮೂರನೆಯದು ಭಾರತೀಯ ಮಾನಕ ಬ್ಯೂರೋದ ಮಾನಕಗಳು: ಹೆಲ್ಮೆಟ್ಟು, ಬೂಟು, ಬೆಲ್ಟು ಹೇಗಿರಬೇಕೆಂಬ ವಿವರ. ನಾಲ್ಕನೆಯದು ಮಾರ್ಗದರ್ಶಿಗಳು, ಮುಂಬೈಯ ಕಾರ್ಖಾನೆ ಸಲಹಾ ಸೇವೆಯ ಮಹಾನಿರ್ದೇಶನಾಲಯವಾದ ಡಿಜಿ ಫಾಸ್ಲಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಗಣಿಗಳಿಗಾದರೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಇಂಥವನ್ನು ಹೊರತರುತ್ತವೆ. ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ವಲಯದ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.

ಎರಡನೇ ಪದರವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ. ಹಳೆಯ ಕೇಂದ್ರ ಕಾಯ್ದೆಯ ಪುಸ್ತಕದಲ್ಲಿ ದಿನಕ್ಕೆ ಒಂಬತ್ತು ಗಂಟೆ ಕೆಲಸ ಎಂದಿದೆ. ಆ ಪುಸ್ತಕ ಹಿಡಿದು 2023ರ ನಂತರ ಆಡಳಿತದ ಎದುರು ಕೂತ ಪ್ರತಿನಿಧಿಗೆ ಮುಖಭಂಗ ಖಚಿತವಾಗಿತ್ತು. ಆ ವರ್ಷ ಕರ್ನಾಟಕದ ತಿದ್ದುಪಡಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ, ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ, ದಿನದ ಅವಧಿಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ತೆರೆದಿತ್ತು. ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 145 ಗಂಟೆಗೆ ಏರಿಸಿತ್ತು. ಇದನ್ನು ನಾವು ವಿರೋಧಿಸಬಹುದು; ವಿರೋಧಿಸಿದ್ದೇವೆ. ಆದರೆ ಅದೇ ತಿದ್ದುಪಡಿಯೊಳಗೆ 'ಲಿಖಿತ ಒಪ್ಪಿಗೆ' ಎಂಬ ಕಾಗದವೊಂದು ಕೂತಿತ್ತು. ಆ ಒಪ್ಪಿಗೆ ಪತ್ರಕ್ಕೆ ಸಹಿ ಯಾರದು, ಓದಿ ಹೇಳಿ ಹಾಕಿಸಿಕೊಂಡರೇ ಎಂದು ಕೇಳುವ ಬಾಗಿಲು ಅಲ್ಲೇ ಇತ್ತು.

ಹೊರದೇಶದ ಮಾರ್ಗದರ್ಶಿಗಳಿಂದ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಸಿಲಿಕಾ ಧೂಳನ್ನೇ ತೆಗೆದುಕೊಳ್ಳಿ. ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯ ಸೂತ್ರದಂತೆ, ಉಸಿರಿನೊಂದಿಗೆ ಒಳಹೋಗುವ ಧೂಳಿನ ಮಿತಿಯನ್ನು ಹತ್ತನ್ನು ಕ್ವಾರ್ಟ್ಸ್‌ನ ಶೇಕಡಾವಾರಿಗೆ ಎರಡು ಸೇರಿಸಿ ಭಾಗಿಸಿ ತೆಗೆಯಬೇಕಿತ್ತು. ಧೂಳು ಪೂರ್ತಿ ಕ್ವಾರ್ಟ್ಸ್ ಆದರೆ ಅದು ಘನ ಮೀಟರಿಗೆ ಸುಮಾರು 0.1 ಮಿಲಿಗ್ರಾಂ. ಅಮೆರಿಕ 2016ರಲ್ಲಿ ಮಿತಿಯನ್ನು 0.05ಕ್ಕೆ ಇಳಿಸಿತು. ಅವರ ಅಂಕಿ ನಮ್ಮ ಕೋರ್ಟಿನಲ್ಲಿ ಆದೇಶವಾಗುವುದಿಲ್ಲ, ನಿಜ. ಆದರೆ 'ಕಾನೂನಿನ ಮಿತಿಯೊಳಗೇ ಇದ್ದೇವೆ' ಎಂದು ಆಡಳಿತ ಬೀಗುವಾಗ, ಬೇರೆ ಕಡೆ ಇದರ ಅರ್ಧಕ್ಕೇ ಅಪಾಯವೆಂದು ಬರೆದಿದ್ದಾರೆ ಎಂದು ತೋರಿಸಿ, ನೀರು ಸಿಂಪಡಿಸುವ ವ್ಯವಸ್ಥೆಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬಹುದು.

ಸುಳ್ಳು ಹೇಳುವ ಕಾಗದ

ಇಷ್ಟು ಹೊತ್ತು ಕಾಗದದ ಗುಣಗಾನ ಮಾಡಿದೆ. ನಿಮ್ಮಲ್ಲಿ ಅನೇಕರ ಮುಖದಲ್ಲಿ ಒಂದು ನಗೆ ನೋಡುತ್ತಿದ್ದೇನೆ. ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇಡೀ ವರ್ಷದ ರಿಜಿಸ್ಟರು ತುಂಬಿಸುವುದನ್ನು ನೀವು ಕಂಡವರು.

ಅಪಘಾತದ ವರದಿಯಲ್ಲಂತೂ ಇದು ಕಲೆಯಾಗಿಬಿಟ್ಟಿದೆ. ಗಾಯಾಳು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ನೋಟಿಸು ಕೊಡಬೇಕೆಂದು ಕಾಯ್ದೆ ಹೇಳಿತು. ಆಗ ಹುಟ್ಟಿದ ಉಪಾಯ ಇದು: ಕೈಗೆ ಬ್ಯಾಂಡೇಜು ಸುತ್ತಿದವನನ್ನು ಕಂಪನಿಯ ಗಾಡಿಯಲ್ಲೇ ಕರೆತಂದು, ಪಂಚ್ ಮಾಡಿಸಿ, ಕ್ಯಾಂಟೀನಿನಲ್ಲಿ ಕೂರಿಸುವುದು. ಕಾಗದದ ಮೇಲೆ ಅವನು ಹಾಜರು, ಅಪಘಾತ ಗೈರುಹಾಜರು. ರೋಗಗಳ ವಿಷಯ ಇನ್ನೂ ಕಷ್ಟ. ಅನುಸೂಚಿಯಲ್ಲಿರುವ ರೋಗ ಕಂಡರೆ ಚಿಕಿತ್ಸೆ ಮಾಡಿದ ವೈದ್ಯನೂ ಇಲಾಖೆಗೆ ತಿಳಿಸಬೇಕು. ಆದರೆ ಸಿಲಿಕೋಸಿಸ್ ಎಕ್ಸ್‌ರೇಯನ್ನು ಕ್ಷಯ ಎಂದು ಓದಿಬಿಟ್ಟರೆ ಕಾನೂನಿನ ಮಟ್ಟಿಗೆ ಕಾರ್ಖಾನೆಯ ಧೂಳು ನಿರ್ದೋಷಿ.

ಹಾಗಾದರೆ ಕಾಗದವನ್ನು ನಂಬುವುದು ಹೇಗೆ? ಕಣ್ಣುಮುಚ್ಚಿ ನಂಬಬೇಡಿ, ತಾಳೆ ನೋಡಿ. ಅಪಘಾತದ ರಿಜಿಸ್ಟರನ್ನು ಪ್ರಥಮ ಚಿಕಿತ್ಸೆಯ ಕೊಠಡಿಯ ಪುಸ್ತಕದೊಂದಿಗೆ, ಅದನ್ನು ಇಎಸ್‌ಐ ಚೀಟಿಯೊಂದಿಗೆ, ಅದನ್ನು ಹಾಜರಿ ಪುಸ್ತಕದೊಂದಿಗೆ ಹೊಂದಿಸಿ ನೋಡಿ. ಒಂದು ಸುಳ್ಳನ್ನು ನಾಲ್ಕು ಪುಸ್ತಕಗಳಲ್ಲಿ ಒಂದೇ ರೀತಿ ಬರೆಯುವುದು ಸುಲಭವಲ್ಲ.

ಎರಡನೆಯದು, ಸಂಘ ತನ್ನದೇ ಕಾಗದ ಇಟ್ಟುಕೊಳ್ಳಬೇಕು. ಒಂದು ದೊಡ್ಡ ಹಾಳೆಯ ಮೇಲೆ ಮನುಷ್ಯನ ಆಕಾರ ಬರೆದು, ಊಟದ ಬಿಡುವಿನಲ್ಲಿ ಒಬ್ಬೊಬ್ಬರಿಗೂ ನೋವಿರುವ ಜಾಗದಲ್ಲಿ ಚುಕ್ಕಿ ಇಡಲು ಹೇಳಿ. ಜಗತ್ತಿನ ಹಲವು ಕಾರ್ಮಿಕ ಸಂಘಟನೆಗಳು ಬಳಸುವ ವಿಧಾನ ಇದು. ಒಂದೇ ಲೈನಿನ ಟೈಲರುಗಳ ಚುಕ್ಕಿಯೆಲ್ಲ ಬಲ ಭುಜದ ಮೇಲೆ ಬಿದ್ದರೆ, ಅದು ಯಾರೋ ಒಬ್ಬಳ ಮನೆಗೆಲಸದ ನೋವಲ್ಲ, ಮೇಜಿನ ಎತ್ತರದ ದೋಷ ಎಂದು ಯಾರಿಗೂ ಹೊಳೆಯುತ್ತದೆ. ಇದರ ಜೊತೆ ಒಂದು ನೋಟ್‌ಬುಕ್ಕು: ದಿನಾಂಕ, ಪಾಳಿ, ಯಂತ್ರ, ಏನಾಯಿತು, ಯಾರಿಗೆ ಹೇಳಿದೆವು, ಅವರೇನೆಂದರು. ಮುಂದೊಂದು ದಿನ 'ನಮಗೆ ಯಾರೂ ತಿಳಿಸಲೇ ಇಲ್ಲ' ಎಂದು ಆಡಳಿತ ಹೇಳಿದಾಗ ಈ ಎರಡು ಸಾಲು ಸಾಕ್ಷಿಯಾಗುತ್ತವೆ.

ಮೂರನೆಯದು, ಸುರಕ್ಷತೆಯ ಮೊಟ್ಟಮೊದಲ ಕಾಗದ ನೇಮಕಾತಿ ಪತ್ರ. ಕಲ್ಲುಪುಡಿ ಘಟಕದಲ್ಲಿ, ಅಕ್ಕಿ ಗಿರಣಿಯಲ್ಲಿ, ಗುತ್ತಿಗೆದಾರನ ಮೂಲಕ ಬಂದವನಿಗೆ ಹತ್ತು ವರ್ಷದ ನಂತರ ರೋಗ ಬಂದರೆ ತಾನು ಅಲ್ಲಿ ದುಡಿದೆ ಎಂಬುದನ್ನೇ ಸಾಬೀತು ಮಾಡಲಾಗುವುದಿಲ್ಲ. ಪರಿಹಾರದ ಪ್ರಕರಣಗಳು ಬಿದ್ದುಹೋಗುವುದು ಬಹುಮಟ್ಟಿಗೆ ಇಲ್ಲೇ. ಧೂಳಿನ ರೋಗ ನಿಧಾನದ ರೋಗ ಎಂಬುದನ್ನು ಸುಪ್ರೀಂ ಕೋರ್ಟು ಮನಗಂಡಿತ್ತು. 1995ರಲ್ಲಿ, ಆಸ್ಬೆಸ್ಟಾಸ್ ಕಾರ್ಮಿಕರ ಪರವಾಗಿ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ, ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಅದು ಸಾರಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ, ಕಾಪಾಡಬೇಕೆಂದು ಆ ಉದ್ಯಮಕ್ಕೆ ಆದೇಶಿಸಿತು.

ಕೇಳುವುದು ಹೇಗೆ

ಹಕ್ಕಿದೆ ಸರಿ, ಕೇಳಿದವನ ಗತಿಯೇನು? ಈ ಭಯ ನಿಜವಾದದ್ದು. ಆದ್ದರಿಂದ ಕೇಳುವುದಕ್ಕೂ ಒಂದು ಕ್ರಮ ಬೇಕು.

ಮೊದಲು ಸುರಕ್ಷತಾ ಸಮಿತಿಯಲ್ಲಿ ಕೇಳಿ. ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಸಮಿತಿಯ ಸಭೆಯಲ್ಲಿ ಚಹಾ ಬಿಸ್ಕತ್ತು ಮುಗಿಸಿ ಸಹಿ ಹಾಕಿ ಬರುವ ಪ್ರತಿನಿಧಿಯ ಬಗ್ಗೆ ಏನೂ ಹೇಳುವುದಿಲ್ಲ, ನೀವೇ ಬಲ್ಲಿರಿ. ಅಲ್ಲಿ ಉತ್ತರ ಸಿಗದಿದ್ದರೆ ಒಬ್ಬರ ಹೆಸರಿನಲ್ಲಿ ಅಲ್ಲ, ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಇನ್‌ಸ್ಪೆಕ್ಟರಿಗೆ. ಸಂಹಿತೆ ಅವರನ್ನು ಈಗ 'ಇನ್‌ಸ್ಪೆಕ್ಟರ್ ಕಂ ಫೆಸಿಲಿಟೇಟರ್' ಎಂದು ಕರೆಯುತ್ತದೆ. ಹೆಸರು ಉದ್ದವಾದಷ್ಟೂ ಅಧಿಕಾರ ಮೆತ್ತಗಾಗುತ್ತದೆ ಎಂಬ ಸಂಘಟನೆಗಳ ಅನುಮಾನ ಆಧಾರವಿಲ್ಲದ್ದಲ್ಲ. ಆದರೂ ಒಂದು ಮಾತು ನೆನಪಿರಲಿ. ಕಾರ್ಮಿಕ ತಪಾಸಣೆ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಸಂಖ್ಯೆಯ ಒಡಂಬಡಿಕೆಯನ್ನು ಭಾರತ 1949ರಲ್ಲೇ ಒಪ್ಪಿದೆ. ದೂರು ಕೊಟ್ಟವರು ಯಾರೆಂಬುದನ್ನು ಇನ್‌ಸ್ಪೆಕ್ಟರು ಗುಟ್ಟಾಗಿಡಬೇಕು, ದೂರಿನ ಮೇಲೆ ಬಂದಿದ್ದೇನೆಂಬ ಸುಳಿವನ್ನೂ ಕೊಡಬಾರದು ಎಂದು ಅದು ಹೇಳುತ್ತದೆ. ದೂರಿನಲ್ಲಿ ಇದನ್ನು ಉಲ್ಲೇಖಿಸಿ.

ಇಲಾಖೆಯಲ್ಲಿರುವ ಕಾಗದಕ್ಕೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು, ಯಾಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ 'ಸದರಿ ಕಾರ್ಖಾನೆಯ ಸುರಕ್ಷತೆಯ ಎಲ್ಲ ಮಾಹಿತಿ' ಎಂದು ಕೇಳಿದರೆ ತಿರಸ್ಕಾರಕ್ಕೆ ನೀವೇ ನೆಪ ಒದಗಿಸಿದ ಹಾಗೆ. 'ಇಂಥ ಅವಧಿಯ ತಪಾಸಣಾ ವರದಿಯ ಪ್ರತಿ' ಎಂದು ಕೇಳಿ. ಕಾಗದದ ಹೆಸರು ಗೊತ್ತಿದ್ದವರಿಗೆ 150 ಪದ ಧಾರಾಳ.

ಪ್ರತಿನಿಧಿಗೆ ಇದಕ್ಕಿಂತ ಗಟ್ಟಿಯಾದ ಸ್ಥಾನ ಸಾಧ್ಯವೇ? ಸಾಧ್ಯ. ಬ್ರಿಟನ್ನಿನಲ್ಲಿ 1974ರ ಕಾಯ್ದೆಯ ಅಡಿ 1977ರಲ್ಲಿ ಬಂದ ನಿಯಮಗಳು, ಮಾನ್ಯತೆ ಪಡೆದ ಸಂಘ ನೇಮಿಸಿದ ಸುರಕ್ಷತಾ ಪ್ರತಿನಿಧಿಗೆ ಮೂರು ತಿಂಗಳಿಗೊಮ್ಮೆ ಕೆಲಸದ ಜಾಗವನ್ನು ತಪಾಸಿಸುವ, ದಾಖಲೆ ನೋಡುವ, ಸಂಬಳ ಸಹಿತ ತರಬೇತಿಗೆ ಹೋಗುವ ಹಕ್ಕು ಕೊಟ್ಟವು. ಇಬ್ಬರು ಪ್ರತಿನಿಧಿಗಳು ಬರೆದು ಕೇಳಿದರೆ ಮೂರು ತಿಂಗಳೊಳಗೆ ಸಮಿತಿ ರಚಿಸಬೇಕು. ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮದೇ 1955ರ ಗಣಿ ನಿಯಮಗಳಲ್ಲಿ 'ವರ್ಕ್‌ಮೆನ್ಸ್ ಇನ್‌ಸ್ಪೆಕ್ಟರ್' ಎಂಬ ವ್ಯವಸ್ಥೆ ಇದೆ. 500 ಅಥವಾ ಹೆಚ್ಚು ಜನರಿರುವ ಗಣಿಯಲ್ಲಿ ನೋಂದಾಯಿತ ಸಂಘದೊಂದಿಗೆ ಸಮಾಲೋಚಿಸಿ, ಅರ್ಹ ಕಾರ್ಮಿಕರನ್ನೇ ತಪಾಸಕರನ್ನಾಗಿ ನೇಮಿಸಬೇಕು. ಅವರು ಗಣಿಯೊಳಗೆ ಓಡಾಡಿ, ಕಂಡ ದೋಷವನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ನೆಲದಡಿ ದುಡಿಯುವವನಿಗೆ ಒಪ್ಪಿದ ಈ ಸ್ಥಾನ ನೆಲದ ಮೇಲಿನ ಕಾರ್ಖಾನೆಯಲ್ಲಿ ಯಾಕಿಲ್ಲ? ಸಂಹಿತೆಯ ಅಡಿ ರಾಜ್ಯದ ನಿಯಮಗಳ ಬಗ್ಗೆ ಮಾತುಕತೆ ನಡೆಯುವಲ್ಲೆಲ್ಲ ಸಂಘಗಳು ಒಟ್ಟಾಗಿ ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ಮಾತು. ಕಾರ್ಖಾನೆ ಕಾಯ್ದೆಯ ಸಾರಾಂಶವನ್ನು ಇಂಗ್ಲಿಷಿನಲ್ಲೂ ಬಹುಸಂಖ್ಯಾತ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಬಾಗಿಲ ಬಳಿ ಅಂಟಿಸಬೇಕೆಂದು 108ನೇ ಸೆಕ್ಷನ್ ಹೇಳಿತ್ತು. ಕನ್ನಡದಲ್ಲಿ ಹಾಕಿಸಲು ನಾವು ಹೋರಾಡಿದೆವು, ಸರಿಯೇ. ಇಂದು ಅದೇ ಕಾರ್ಖಾನೆಗಳ ಪ್ರೆಸ್ ಯಂತ್ರಗಳ ಮೇಲೆ ಒಡಿಶಾದ, ಬಿಹಾರದ, ಅಸ್ಸಾಮಿನ ಹುಡುಗರಿದ್ದಾರೆ. ಸಂಘದ ಎಚ್ಚರಿಕೆಯ ಹಾಳೆ ಅವರ ಭಾಷೆಯಲ್ಲೂ ಇರಬೇಕು. ಯಂತ್ರಕ್ಕೆ ಬೆರಳಿನ ಊರು ಯಾವುದೆಂದು ಗೊತ್ತಾಗುವುದಿಲ್ಲ.

ಕೊನೆಗೆ

ಈ ದತ್ತಿಯ ನೆಪದಲ್ಲಿ ನಿಮ್ಮ ಮುಂದೆ ಒಂದು ಕೆಲಸ ಇಡುತ್ತೇನೆ. ಪ್ರತಿ ಘಟಕದ ಸಂಘವೂ ಒಂದು ಫೈಲು ತೆರೆಯಲಿ. ಎಲ್ಲ ಯಂತ್ರಗಳ ಗೋಜಿಗೆ ಹೋಗಬೇಡಿ. ನಿಮ್ಮಲ್ಲಿ ಎಲ್ಲರೂ ಹೆದರುವ ಯಂತ್ರ ಒಂದಿರುತ್ತದಲ್ಲ, ಅದರಿಂದ ಶುರುಮಾಡಿ. ಅದಕ್ಕೆ ಸಂಬಂಧಿಸಿ ಯಾವ ಯಾವ ಕಾಗದ ಇರಬೇಕು ಎಂದು ಪಟ್ಟಿ ಮಾಡಿ, ಸಮಿತಿಯಲ್ಲಿ ಕೇಳಿ. ಕೊಟ್ಟದ್ದನ್ನು ಸೇರಿಸಿ, ಕೊಡದಿದ್ದರೆ ಕೊಡಲಿಲ್ಲವೆಂದು ದಿನಾಂಕ ಹಾಕಿ ಬರೆದಿಡಿ. ಒಂದು ಯಂತ್ರದ ಫೈಲು ಪೂರ್ತಿಯಾಗುವ ಹೊತ್ತಿಗೆ ಸಂಹಿತೆಯ ಬಹುಪಾಲು ನಿಮಗೆ ತಿಳಿದಿರುತ್ತದೆ, ಯಾವ ತರಗತಿಗೂ ಹೋಗದೆ. ಪದಾಧಿಕಾರಿಗಳು ಬದಲಾದಾಗ ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆಗೆ ಈ ಫೈಲನ್ನೂ ಹಸ್ತಾಂತರಿಸುವುದು ಸಂಘದ ನಿಯಮವಾಗಲಿ.

ಬೋನಸ್ಸಿಗೆ, ವೇತನ ಒಪ್ಪಂದಕ್ಕೆ ನಾವು ಬೇಡಿಕೆ ಪಟ್ಟಿ ಕೊಡುತ್ತೇವೆ. ಬ್ಯಾಲೆನ್ಸ್ ಶೀಟ್ ತರಿಸಿ ಓದುತ್ತೇವೆ. ಕಂಪನಿಯ ಲಾಭದ ಲೆಕ್ಕವನ್ನು ಅಷ್ಟು ಕಷ್ಟಪಟ್ಟು ಓದಲು ಕಲಿತ ಸಂಘ, ತನ್ನ ಸದಸ್ಯರ ಶ್ವಾಸಕೋಶದ ಲೆಕ್ಕವನ್ನು ಓದಲು ಕಲಿಯಲಾರದೇ? ಸಂಬಳದ ಬಾಕಿಯನ್ನು ಹಿಂದಿನ ದಿನಾಂಕದಿಂದ ಪಡೆಯಬಹುದು. ಹೋದ ಬೆರಳಿಗೆ ಹಿಂಬಾಕಿ ಇಲ್ಲ.